ಮೈಕಮ್ಮನ ಫೋನಿಗೆ ಹೊಸ ಸೆಟ್ಟಿಂಗ್ಸ್

ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷದಿಂದ ಮೈಕಿನ ಮುಂದೆ ಕೂತಿರುವ ಆಕೆಯನ್ನು ಎಲ್ಲರೂ ಮೈಕಮ್ಮ ಅಂತಲೇ ಕರೆಯುವುದು. ಗಾಜಿನ ಗೂಡಿನಂಥ ಕೋಣೆ, ಒಂದು ಫ್ಯಾನು, ಗೋಡೆಗೊಂದು ವೇಳಾಪಟ್ಟಿ. ಆಕೆ ಬಾಯಿ ಬಿಟ್ಟರೆ ಮೂರು ಬೀದಿಯಾಚೆಯ ಕ್ಷೌರಿಕನೂ ಕತ್ತರಿ ನಿಲ್ಲಿಸಿ ಕೇಳಬೇಕು. ಅಂಥವಳ ಮಾತು ಸ್ವಂತ ಅಕ್ಕನಿಗೆ ಮಾತ್ರ ಎರಡು ನಿಮಿಷಕ್ಕಿಂತ ಹೆಚ್ಚು ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಕಟ್ಟಾಗುತ್ತಿತ್ತು.

ಕಟ್ಟಾಗುವುದೂ ಎಂಥ ಹೊತ್ತಿಗೆ ಅಂತೀರಿ! ಅಕ್ಕ ತನ್ನ ಕಣ್ಣಿನ ಆಪರೇಷನ್ನಿನ ಸುದ್ದಿ ಎತ್ತಬೇಕು, ತಂಗಿ ಯಾಕೆ ಬರಲಿಲ್ಲ ಅಂತ ಕೇಳಬೇಕು, ಸರಿಯಾಗಿ ಆಗಲೇ ಲೈನು ಸಾಯಬೇಕು. ಎಂಟು ತಿಂಗಳು ಹೀಗೇ ನಡೆದ ಮೇಲೆ ಅಕ್ಕ ಮೆಸೇಜು ಹಾಕಿದಳು: ಮುಖಕ್ಕೆ ಹೊಡೆದ ಹಾಗೆ ಫೋನ್ ಇಡುವವರ ಸಹವಾಸ ಸಾಕು, ಇನ್ನು ನಾನಾಗಿ ಮಾಡುವುದಿಲ್ಲ. ಮೈಕಮ್ಮ ಆ ಮೆಸೇಜನ್ನು ಮತ್ತೆ ಮತ್ತೆ ಓದಿದಳು. ತಾಯಿ ಹೋದ ಮೇಲೆ ಬೈಯಲೂ ಅಕ್ಕನೇ, ಕಣ್ಣೊರೆಸಲೂ ಅವಳೇ.

ಟಿಕೆಟ್ ಕೌಂಟರಿನ ಗುಮಾಸ್ತ ಆಕೆಯ ಫೋನ್ ಇಸಿದುಕೊಂಡು ನೋಡಿ ಹಣೆ ಚಚ್ಚಿಕೊಂಡ. ಹೊಸ ನೆಟ್‌ವರ್ಕ್ ಸೆಟ್ಟಿಂಗ್ಸ್ ಬಂದಿದೆ, ಹಾಕಲೇ ಅಂತ ಫೋನು ಎಂಟು ತಿಂಗಳಿಂದ ಕೇಳುತ್ತಲೇ ಇದೆ. ಈಕೆ 'ಆಮೇಲೆ' ಅಂತ ಒತ್ತುತ್ತಲೇ ಇದ್ದಾಳೆ.

"ಗಾಳಿಯಲ್ಲಿ ಬರೋ ಬದಲಾವಣೇನ ನಂಬಬಾರದಪ್ಪ," ಎಂದಳು ಮೈಕಮ್ಮ. "ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ಐದನೇದಕ್ಕೆ ಬರುತ್ತೆ ಅಂತ ನಾನೇ ಕೂಗ್ತೀನಿ. ಜನ ಗಂಟುಮೂಟೆ ಹೊತ್ತು ಐದಕ್ಕೆ ಓಡ್ತಾರೆ. ಬಸ್ಸು ಮೂರಕ್ಕೇ ಬಂದು ನಿಲ್ಲುತ್ತೆ."

ಆದರೂ ಅಕ್ಕ ಕೈಬಿಟ್ಟು ಹೋಗುವುದಕ್ಕಿಂತ ಫೋನ್ ಹಾಳಾಗುವುದೇ ಮೇಲು. ಕಣ್ಣು ಮುಚ್ಚಿ 'ಸರಿ' ಒತ್ತಿದಳು. ಫೋನು ಕಪ್ಪಾಗಿ, ಗರ ಬಡಿದಂತೆ ಕೂತು, ನಾಲ್ಕು ನಿಮಿಷಕ್ಕೆ ಕಣ್ಣು ಬಿಟ್ಟಿತು. ಊಟದ ಬಿಡುವಿನಲ್ಲಿ ಬಾಗಿಲಿಗೆ ಚಿಲಕ ಹಾಕಿಕೊಂಡು ಅಕ್ಕನಿಗೆ ಫೋನ್ ಮಾಡಿದಳು. ಇನ್ನೇನು ಎತ್ತುವುದಿಲ್ಲ ಅಂದುಕೊಳ್ಳುವಾಗ ಅಕ್ಕ ಎತ್ತಿದಳು.

ತಂಗಿ ಸೆಟ್ಟಿಂಗ್ಸಿನ ಕಥೆಯನ್ನೆಲ್ಲ ಒಪ್ಪಿಸಿದಳು. ಎರಡು ನಿಮಿಷ ಕಳೆಯಿತು, ನಾಲ್ಕಾಯಿತು, ಲೈನು ಗಟ್ಟಿಯಾಗಿ ನಿಂತಿತ್ತು. ಹಾಗಾದರೆ ಇಷ್ಟು ದಿನ ಕಟ್ಟಾಗಿದ್ದೆಲ್ಲ ಫೋನಿನ ತಪ್ಪೇನಾ ಅಂತ ಅಕ್ಕ ಮೆತ್ತಗೆ ಕೇಳಿದಳು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಳು ನಾಲಿಗೆ, ಸುಮ್ಮನಿರಬೇಕಲ್ಲ!

"ಎಲ್ಲಾ ಅಲ್ಲ ಅಕ್ಕ. ಎರಡು ಸಲ ನಾನೇ ಇಟ್ಟೆ. ಆಸ್ಪತ್ರೆ ಅಂದ್ರೆ ನಂಗೆ ಭಯ. ಅದಕ್ಕೇ ಬರಲಿಲ್ಲ. ಹೇಳೋಕೆ ನಾಚಿಕೆ ಆಯ್ತು."

ಮತ್ತೆ ಕಟ್ಟಾಯಿತೇ? ಮೈಕಮ್ಮ ಫೋನ್ ಕಿವಿಯಿಂದ ತೆಗೆದು ನೋಡಿದಳು. ಲೈನು ಇತ್ತು.

"ನಾನು ನಾಲ್ಕು ಸಲ ಇಟ್ಟಿದ್ದೀನಿ ಕಣೇ," ಎಂದಳು ಅಕ್ಕ.

ಆಮೇಲೆ ಬಿಡುವು ಮುಗಿಯುವ ತನಕ ಇಬ್ಬರೂ ಮನಸಾರೆ ಜಗಳವಾಡಿದರು. ಯಾರೂ ಫೋನ್ ಇಡಲಿಲ್ಲ.