ಇಲ್ಲದ ಕ್ಲಚ್ಚು

ಗದ್ವಾಲದ ನನ್ನ ಬಾಡಿಗೆ ಮನೆಯಲ್ಲಿ, ಒಲೆಯ ಮೇಲಿನ ಗೋಡೆಗೆ, ಎಣ್ಣೆಯ ಬೆರಳಚ್ಚು ಬಿದ್ದ ಒಂದು ಹಾಳೆ ಅಂಟಿಸಿದ್ದೇನೆ. ಬಂದವರೆಲ್ಲ ಯಾವುದೋ ಮಗುವಿನ ಗೀಚಾಟವೆಂದು ನಗುತ್ತಾರೆ. ನಗಲಿ ಬಿಡಿ. ಅದು ನನ್ನ ನೌಕರಿ ಬದಲಾವಣೆಯ ಅರ್ಜಿ ರೀ!

ನಾನು ಡೀಸೆಲ್ ರೈಲು ಎಂಜಿನ್ನಿನ ಸಹಾಯಕ ಚಾಲಕಿ. ಮಕ್ತಲ್‌ನ ನನ್ನ ಸೋದರಮಾವ, ಜೀವಮಾನವೆಲ್ಲ ಟ್ರ್ಯಾಕ್ಟರ್ ಓಡಿಸಿದವರು, ನನಗೊಂದು ಸಂಬಂಧ ತಂದರು. ಗಂಡಿನ ಮನೆಯವರ ಕರಾರು ಒಂದೇ: ಹುಡುಗಿ ಎಂಜಿನ್ ಇಳಿದು ಕಚೇರಿಯ ಕುರ್ಚಿಗೆ ಬರಬೇಕು. ಅದಕ್ಕೆ ಬೇಕಾದ ಅರ್ಜಿಯನ್ನೂ ಮಾಮಾ ತಾವೇ ದುಂಡಗೆ ಬರೆದು, ನಾರಾಯಣಪೇಟೆಯಲ್ಲಿ ಅವ್ವ ಸೀರೆ ನೇಯುತ್ತಿದ್ದ ಮಗ್ಗದ ಪಕ್ಕದಲ್ಲೇ ನನ್ನ ಮುಂದಿಟ್ಟರು.

"ಸಹಿ ಹಾಕವ್ವ. ಟ್ರ್ಯಾಕ್ಟರಿನ ಕ್ಲಚ್ ಒತ್ತಾಕನ ನನ್ನ ಮೊಣಕಾಲು ಸೋಲತೈತಿ. ಅಷ್ಟು ದೊಡ್ಡ ರೈಲಿನ ಕ್ಲಚ್ ನಿನ್ನ ಕೈಲಾಗತೈತೇನು?"

ಸಿಟ್ಟು ನೆತ್ತಿಗೇರಿತು. ಇಲ್ಲದ ಕ್ಲಚ್ಚಿಗಾಗಿ ಇರುವ ಎಂಜಿನ್ ಬಿಡಬೇಕೇ? ಪೆನ್ನು ಕಸಿದುಕೊಂಡು, ಅವರ ದುಂಡಕ್ಷರಗಳ ಮೇಲೆಯೇ ಚಿತ್ರ ಬರೆಯತೊಡಗಿದೆ. ಡೀಸೆಲ್ ಉರಿಸುವ ಎಂಜಿನ್ನಿಗೂ ಗಾಲಿಗೂ ನೇರ ನಂಟೇ ಇಲ್ಲ, ಗೆಳೆಯರೇ. ಅದು ತಿರುಗಿಸುವುದು ತನ್ನ ಜೊತೆಗಿರುವ ಜನರೇಟರನ್ನು, ಅಲ್ಲಿ ಹುಟ್ಟಿದ ಕರೆಂಟು ದಪ್ಪ ಕೇಬಲ್ಲುಗಳಲ್ಲಿ ಇಳಿದು ಗಾಲಿಯ ಅಚ್ಚುಗಳ ಬಳಿ ಕೂತ ಮೋಟರುಗಳನ್ನು ಮುಟ್ಟುತ್ತದೆ, ಮೋಟರಿನ ಪುಟ್ಟ ಹಲ್ಲುಚಕ್ರ ಅಚ್ಚಿನ ದೊಡ್ಡ ಹಲ್ಲುಚಕ್ರವನ್ನು ನೂಕುತ್ತದೆ, ಆಗ ಗಾಲಿ ಉರುಳುತ್ತದೆ. ಸಾಲು ವ್ಯಾಗನ್ನುಗಳ ಭಾರವನ್ನು ಕ್ಲಚ್ಚಿನಿಂದ ಎಬ್ಬಿಸಹೋದರೆ ಕ್ಲಚ್ಚೇ ಸುಟ್ಟೀತು. ಮೋಟರಿನ ಹಟವೇ ಬೇರೆ, ನಿಂತ ನೆಲದಿಂದ ಕದಲುವಾಗಲೇ ಅದರ ಎಳೆತ ಎಲ್ಲಕ್ಕಿಂತ ಹೆಚ್ಚು. ನನಗೆ ಆ ಹಟ ಇಷ್ಟ.

ಮಾಮಾ ನಂಬಲಿಲ್ಲ. "ಎಂಜಿನ್ ಮುಟ್ಟದನ ಗಾಲಿ ಹ್ಯಾಂಗ ತಿರುಗತೈತಿ?"

ಅವ್ವ ಮಗ್ಗ ನಿಲ್ಲಿಸಿದಳು. "ನನ್ನ ಕಾಲು ಕೆಳಗ ಮಗ್ಗದ ಕುಣಿಯಾಗ ಹಲಗಿ ತುಳಿತೈತಿ, ನೂಲಿನ ಎಳಿ ಮ್ಯಾಲ ಏಳತಾವು. ಕಾಲಿಲೆ ಎಳಿ ಮುಟ್ಟತೀನೇನಣ್ಣಾ?"

ಮಾಮಾ ಚಿತ್ರದಲ್ಲಿನ ಕೇಬಲ್ಲಿನ ಗೆರೆಯ ಮೇಲೆ ಬೆರಳೆಳೆದು ನೋಡಿದರು. "ಖರೆ ಐತಿ. ಆದರ ಗಂಡಿನವರು ಕೇಳಂಗಿಲ್ಲವ್ವ. ಸಹಿ?"

"ಜಾಗ ಎಲ್ಲೈತ್ರಿ ಮಾಮಾ?" ಎಂದು ಚಿತ್ರ ತುಂಬಿದ ಹಾಳೆಯನ್ನು ಅವರ ಕಡೆಗೆ ಹಿಡಿದೆ.

ಸಂಬಂಧ ಮುರಿಯಿತು. ಹುಡುಗ ಕೆಟ್ಟವನಲ್ಲ, ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಡ್ಯೂಟಿಗೆ ಹೊರಡುವ ಮುನ್ನ ರೊಟ್ಟಿ ಬಡಿಯುತ್ತಾ ತಲೆಯೆತ್ತಿದರೆ ಆ ಹಾಳೆ ಕಾಣುತ್ತದೆ: "ತಮ್ಮ ವಿಧೇಯಳು" ಎಂದು ಮಾಮಾ ಬರೆದಿದ್ದರಲ್ಲ, ಅದರ ಮೇಲೇ ನನ್ನ ಗಾಲಿಗಳು ನಿಂತಿವೆ.