ಹೆಸರು ವಿಚಾರಿಸದೆ ಕುಂಚ ಎತ್ತದ ಬುರುಲ್

ಕರಾಕೋಲ್ ಪೇಟೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಮೈರಾಮ್ ಎಂಬಾಕೆಯ ಹೊಸ ರೊಟ್ಟಿ ಅಂಗಡಿಯ ಮುಂದೆ ಏಣಿ ಹತ್ತಿರುವ ಬುರುಲ್, ಹೆಸರಿನ ಹಲಗೆಗೆ ಬಿಳಿ ಬಣ್ಣ ಬಳಿಯುತ್ತಿದ್ದಾರೆ. ಅಕ್ಷರ ಒಂದೂ ಮೂಡಿಲ್ಲ. ಕೆಳಗೆ ಮೈರಾಮ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಬುರುಲ್ ಬಗ್ಗೆ ಬರೆಯಲು ಬಂದ ನಾನು ಎದುರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೇನೆ.

"ಅಕ್ಕಾ, ಭಾನುವಾರ ಅಂಗಡಿ ಶುರು. ಬೋಳು ಹಲಗೆ ನೋಡಿ ಯಾರು ಬರ್ತಾರೆ? 'ಕುಮುಶ್ ತಂದಿರ್' ಅಂತ ಬರೆದುಬಿಡು."

"ಬೆಳ್ಳಿ ಒಲೆ! ಚೆನ್ನಾಗೇ ಇದೆ ಕಣೇ. ಆದ್ರೆ ಅದಕ್ಕೆ ಬಿಷ್ಕೆಕ್‌ನಲ್ಲಿ ಆಗ್ಲೇ ಒಬ್ಬ ಯಜಮಾನ ಇದ್ದಾನಲ್ಲ."

ಹಿಂದಿನ ಸಂಜೆ ಇಬ್ಬರೂ ಫೋನಿನಲ್ಲಿ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆ ಹುಡುಕಿದಾಗ ಸಿಕ್ಕಿದ್ದು ಅದೇ. ಒಂದು ಕಾರ್ಖಾನೆ ತನ್ನ ರೊಟ್ಟಿಗೆ 'ಕುಮುಶ್' ಎಂಬ ಹೆಸರನ್ನು ನೋಂದಾಯಿಸಿಕೊಂಡಿದೆ.

"ಅವ್ರದ್ದು ಒಂದೇ ಪದ, ನಂದು ಎರಡು," ಎಂದು ಮೈರಾಮ್ ಪಟ್ಟು ಹಿಡಿಯುತ್ತಾಳೆ.

"ಕೊಳ್ಳೋರು ಪದ ಎಣಿಸ್ತಾರಾ? ಕುಮುಶ್ ರೊಟ್ಟಿ ಕೊಡಿ ಅಂತಾರೆ. ಅವನು ಟೈರ್ ಮಾರ್ತಿದ್ರೆ ಮಾತು ಬೇರೆ. ಅವನೂ ರೊಟ್ಟಿ, ನೀನೂ ರೊಟ್ಟಿ."

ಒಳಗೆ ಹಿಟ್ಟು ನಾದುತ್ತಿದ್ದ ಮೈರಾಮ್‌ಳ ಅತ್ತೆ ಸೋನುನ್ ಅಲ್ಲಿಂದಲೇ ಕೂಗುತ್ತಾರೆ: "ಬಣ್ಣ ಹಚ್ಚೋಳಿಗೆ ವಕೀಲಿಕೆ ಬೇರೆ!"

"ಹಚ್ಚೋದು ಸುಲಭ ಅಮ್ಮಾ, ಕೆರೆಯೋದು ಕಷ್ಟ," ಎಂದು ಬುರುಲ್ ನಗುತ್ತಾರೆ.

ಕೆರೆಯುವ ಕಷ್ಟ ಅವರು ಕಂಡದ್ದೇ. ಗಂಡ ತೀರಿಕೊಂಡ ಮೇಲೆ ಅವನ ಕುಂಚಗಳನ್ನೇ ಹಿಡಿದು ಈ ಕೆಲಸಕ್ಕೆ ಇಳಿದವರು ಬುರುಲ್. ಮೊದಮೊದಲು ಯಾರು ಏನು ಹೇಳಿದರೂ ಬರೆದುಕೊಡುತ್ತಿದ್ದರು. ಗೆಳತಿ ಕನಿಶಾಯ್ ಉಣ್ಣೆ ಚಪ್ಪಲಿ ಮಾಡುತ್ತಿದ್ದಳು. ಬುರುಲ್ ಬರೆದ ಫಲಕ ಏರಿ, ವ್ಯಾಪಾರ ಕುದುರಿತು. ಚಳಿ ಬಿದ್ದು ಗಿರಾಕಿ ಹೆಚ್ಚುವ ಹೊತ್ತಿಗೆ ನೋಟಿಸ್ ಬಂತು. ಒಂದಕ್ಷರ ಮಾತ್ರ ವ್ಯತ್ಯಾಸವಿದ್ದ ಹೆಸರಿನಲ್ಲಿ ಬೇರೊಬ್ಬರು ಮೊದಲಿನಿಂದಲೂ ಚಪ್ಪಲಿ ಮಾರುತ್ತಿದ್ದರು. ಫಲಕ ಇಳಿಯಿತು. ಇಬ್ಬರೂ ಒಲೆಯ ಪಕ್ಕ ಕುಳಿತು, ಚಪ್ಪಲಿಗಳಿಗೆ ಹೊಲಿದ ಹೆಸರಿನ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿದರು.

"ಅವ್ಳು ಅಳ್ಳಿಲ್ಲ. ಸುಮ್ನೆ ದಾರ ಕತ್ತರಿಸ್ತಾನೇ ಇದ್ಲು. ಅತ್ತಿದ್ರೆ ನಂಗೆ ಸ್ವಲ್ಪ ಹಗುರ ಆಗ್ತಿತ್ತು," ಎಂದು ಬುರುಲ್ ನನಗೆ ಹೇಳುತ್ತಾರೆ.

ಅಂದಿನಿಂದ ಹೆಸರು ವಿಚಾರಿಸದೆ ಅವರು ಅಕ್ಷರ ಬರೆಯುವ ಬಣ್ಣದ ಡಬ್ಬಿ ತೆರೆಯುವುದಿಲ್ಲ. ದಾಖಲೆ ನೋಡಿದ ಮೇಲೂ ಒಂದು ಪರೀಕ್ಷೆ ಉಂಟು: ಮಾಲೀಕರನ್ನು ಸಂತೆಯ ಆ ತುದಿಗೆ ಕಳಿಸಿ ಹೆಸರನ್ನು ಕೂಗಿಸುವುದು. ಈ ತುದಿಯವರಿಗೆ ಬೇರೆ ಯಾರದೋ ಅಂಗಡಿಯ ಹೆಸರು ಕೇಳಿಸಿದರೆ ಅದು ಬೇಡ. "ಕಣ್ಣಿಗೆ ಬೇರೆ ಕಂಡ್ರೆ ಸಾಲ್ದು, ಕಿವಿಗೂ ಬೇರೆ ಆಗ್ಬೇಕು." ಬೇಸತ್ತು ಬೇರೆ ಪೇಂಟರ್ ಹತ್ತಿರ ಹೋದವರೂ ಇದ್ದಾರೆ. ಹೋಗಲಿ ಎನ್ನುತ್ತಾರೆ ಬುರುಲ್.

ಮೈರಾಮ್ ಮಾತ್ರ ಹೋಗುವುದಿಲ್ಲ. ಚಹಾ ಕುಡಿಯುತ್ತ ಮೂವರೂ ತಲೆ ಕೆಡಿಸಿಕೊಳ್ಳುತ್ತಾರೆ. 'ಬಿಸಿ ರೊಟ್ಟಿ' ಎಂದಿಟ್ಟರೆ ಯಾರ ತಕರಾರೂ ಬರದು; ಆದರೆ ಅದನ್ನು ತನ್ನದೆಂದು ಉಳಿಸಿಕೊಳ್ಳಲೂ ಆಗದು. ಎಲ್ಲರದೂ ಬಿಸಿ ರೊಟ್ಟಿಯೇ. ಕೊನೆಗೆ ಸೋನುನ್ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಗೊಣಗುತ್ತಾರೆ: "ಆ ಗಾರೆಯವನು ಹೊಗೆಕೊಳವೆನ ಸೊಟ್ಟ ಕಟ್ಟಿ ಹೋದ. ಕೇರಿಯವ್ರೆಲ್ಲ ನಮ್ಮನೆಗೆ 'ಕೈಶಿಕ್ ಮೋರ್', ಸೊಟ್ಟ ಕೊಳವೆ ಅಂತಾರೆ. ಮಾನ ಹೋಯ್ತು."

ಬುರುಲ್ ಬಟ್ಟಲು ಕೆಳಗಿಡುತ್ತಾರೆ. "ಅಮ್ಮಾ, ಇನ್ನೊಂದ್ಸಲ ಹೇಳಿ?"

"ಅಯ್ಯೋ, ಅದನ್ನೂ ಬರೀತೀಯಾ? ನಗ್ತಾರೆ ಕಣೇ!"

"ನಗ್ಲಿ. ಇಂಥ ಸೊಟ್ಟ ಕೊಳವೆ ಬೇರೆ ಯಾರ ಹತ್ರ ಇದೆ?"

ದಾಖಲೆಯಲ್ಲಿ ಹುಡುಕಿದರೆ ಹತ್ತಿರದ ಹೆಸರೂ ಇಲ್ಲ. ಮೈರಾಮ್ ಸಂತೆಯ ಆ ತುದಿಯಿಂದ ಕೂಗಿದರೆ ಇತ್ತ ತರಕಾರಿಯವರೆಲ್ಲ ನಕ್ಕರೂ ತಪ್ಪು ಕೇಳಿಸಿಕೊಂಡವರು ಯಾರೂ ಇಲ್ಲ. ಅಂದೇ ಆ ಹೆಸರಿನ ನೋಂದಣಿಗೆ ಅರ್ಜಿ ಹೋಗುತ್ತದೆ. ಬುರುಲ್ ಮತ್ತೆ ಏಣಿ ಹತ್ತುತ್ತಾರೆ.

ಭಾನುವಾರ ಬೆಳಿಗ್ಗೆ ಕುರಿ ಮಾರಲು ಬಂದ ಅಪರಿಚಿತ ಮುದುಕನೊಬ್ಬ ಫಲಕದ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾನೆ. ನಗುತ್ತಾನೆ. ಟೋಪಿ ಸರಿಮಾಡಿಕೊಂಡು ಒಳಗೆ ಹೋಗುತ್ತಾನೆ.

ಎದುರು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತ ಬುರುಲ್ ಮೊಣಕೈಯಿಂದ ತಿವಿಯುತ್ತಾರೆ. "ನೋಡಿದ್ರಾ? ಓದ್ದ, ಒಳಗೆ ಹೋದ. ನಂಗೆ ಇಷ್ಟೇ ಬೇಕಾಗಿದ್ದು."