ಕುತ್ತಿಗೆಯ ಕೆಳಗಿನ ಜಾಗ

ನಮ್ಮ ಮನೆಯ ಕೂಸು ತೀರಿಕೊಂಡಾಗ ಅದಕ್ಕೆ ನಲವತ್ತಾರು ವರ್ಷ.

ಕೂಸು ಎಂದು ಕರೆದದ್ದು ಅವ್ವ. ನನ್ನ ಬೆನ್ನಿಗೆ ಹುಟ್ಟಿದ ಅದಕ್ಕೆ ಹೆಸರೊಂದಿತ್ತು, ಗಂಡು ಹೆಸರೇ. ಆದರೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಅದು ಒಂದು ದಿನ ಚಡ್ಡಿ ತೊಟ್ಟು, ಇನ್ನೊಂದು ದಿನ ನನ್ನ ಲಂಗ ತೊಟ್ಟು ಅಂಗಳಕ್ಕೆ ಬರತೊಡಗಿದ ಮೇಲೆ ಅವ್ವ ಆ ಹೆಸರನ್ನು ಕೈಬಿಟ್ಟಳು. "ಕೂಸು ಉಂಡೈತೇನು? ಕೂಸು ಮಲಗೇತೇನು?" ಅಷ್ಟೇ. ಅವ್ವ ಶಾಲೆಗೆ ಹೋದವಳಲ್ಲ. ಅವನು, ಅವಳು ಎರಡನ್ನೂ ಬಿಟ್ಟು ಒಬ್ಬರನ್ನು ಪ್ರೀತಿಯಿಂದ ಕರೆಯಲು ಕನ್ನಡದಲ್ಲಿ ಬೇರೆ ಏನಿದೆಯೋ ನನಗೆ ಗೊತ್ತಿಲ್ಲ, ಅವಳಿಗೆ ಇದು ಸಿಕ್ಕಿತ್ತು. ಊರಿನವರೂ "ಅದು ಬಂತು, ಅದು ಹೋತು" ಎಂದೇ ಅನ್ನುತ್ತಿದ್ದರು. ವ್ಯಾಕರಣ ಒಂದೇ, ದನಿ ಬೇರೆ.

ಚಿಕ್ಕೋಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂಸು ಸತ್ತವರ ಚಿತ್ರ ಬರೆಯುತ್ತಿತ್ತು. ಪಡಸಾಲೆಯಲ್ಲಿ ತೂಗುಹಾಕುವ ದೊಡ್ಡ ಎಣ್ಣೆಬಣ್ಣದ ಚಿತ್ರಗಳು. ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯಿಂದಲೂ ಜನ ಆಧಾರ್ ಕಾರ್ಡಿನ ಮಸುಕು ಮುಖ ಹಿಡಿದುಕೊಂಡು ಬರುತ್ತಿದ್ದರು. ಈ ಕೆಲಸಕ್ಕೆ ಅದರದೇ ಒಂದು ಪದ್ಧತಿ. ಮೊದಲು ಮುಖ. ಮುಖ ಮುಗಿದ ಮೇಲೆ ಮನೆಯವರನ್ನು ಕರೆಸಿ, ಯಾವ ಬಟ್ಟೆ ಹಾಕಲಿ ಎಂದು ಕೇಳುವುದು. ಜೀವನವೆಲ್ಲ ಬನಿಯನ್ ಮೇಲೆ ಹೊಲ ತಿರುಗಿದವನಿಗೆ ಮೈಗೆ ಕೋಟು, ತಲೆಗೆ ಪಟಗ ಬೇಕು. ತೇಪೆ ಹಾಕಿದ ಸೀರೆಯಲ್ಲಿ ಸತ್ತವಳಿಗೆ ರೇಷ್ಮೆ ಸೀರೆ, ನತ್ತು, ಕೊರಳಿಗೆ ಬೋರಮಾಳ ಬೇಕು. "ಮುಖಾ ಸತ್ತಾವ್ರದು ಅಕ್ಕಾ, ಕುತಗಿ ಕೆಳಗಿಂದೆಲ್ಲಾ ಉಳದಾವ್ರದು," ಎಂದು ಕೂಸು ನಗುತ್ತಿತ್ತು.

ಒಮ್ಮೆ ಭೋಜ ಗ್ರಾಮದಿಂದ ಕಬ್ಬಿನ ರೈತರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಅವರ ತಾಯಿ ತೀರಿ ಬಹಳ ವರ್ಷಗಳಾಗಿದ್ದವು, ಫೋಟೋ ಒಂದೂ ಇರಲಿಲ್ಲ.

"ಮಕ್ಕಳೊಳಗ ಅವ್ವನ ಮುಖಾ ಯಾರಿಗೆ ಬಂದೈತ್ರಿ?" ಎಂದು ಕೂಸು ಕೇಳಿತು.

ಹೆಂಡತಿ ಗಂಡನನ್ನೇ ತೋರಿಸಿದಳು. ಅವರ ಮೀಸೆ ಎರಡೂ ಕೆನ್ನೆಗೆ ಹಬ್ಬಿತ್ತು.

"ಮೀಸಿ ನಾ ನೋಡ್ಕೋತೀನಿ. ನೀವು ಸೆರಗ ಹೊತ್ಕೊಂಡ ಕುಂದರ್ರಿ."

"ಥೂ, ಯಾರರೆ ನೋಡಿದ್ರ?"

"ನಿಮ್ಮ ಅವ್ವಗ ಯಾರೂ ನೋಡಬಾರದೇನ್ರಿ?"

ಅವರು ನನ್ನ ಒಂದು ಸೀರೆ ತಲೆಯ ಮೇಲೆ ಹೊದ್ದು ಕುಳಿತರು. ಹೆಂಡತಿ ಅಡುಗೆಮನೆಗೆ ಓಡಿಬಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಮಧ್ಯಾಹ್ನ ನಾನು ಊಟಕ್ಕೆ ಕರೆದಾಗ, "ತಗೀರಿ ಇನ್ನ," ಎಂದಿತು ಕೂಸು. ಅವರು ತೆಗೆಯಲಿಲ್ಲ. "ಇರ್ಲಿ ಬಿಡ. ಅವ್ವ ಹಿಂಗ ಹೊತ್ಕೊಂಡ ಉಣತಿದ್ಲು," ಎಂದು ಸೆರಗಿನಲ್ಲೇ ರೊಟ್ಟಿ ಮುರಿದರು. ಹೆಂಡತಿ ಆಗ ನಗಲಿಲ್ಲ.

ಮರುವರ್ಷ ಅವರ ಮನೆಯ ಮದುವೆಗೆ ಕೂಸಿಗೆ ಕರೆ ಬಂತು. ಅಂದು ಅದು ಸೀರೆ ಉಟ್ಟು ಹೋಯಿತು. ಗಂಡಸರ ಪಂಕ್ತಿಯಲ್ಲೂ ಬೇಡ, ಹೆಂಗಸರ ಪಂಕ್ತಿಯಲ್ಲೂ ಬೇಡವೆಂದು ಅದನ್ನು ಅಡುಗೆಯವರ ಹತ್ತಿರ ಕೂರಿಸಿದರು. ಹಾಗೆ ವ್ಯವಸ್ಥೆ ಮಾಡಿದವರು ಅದೇ ಯಜಮಾನರು, ಗೋಡೆಯ ಮೇಲೆ ನತ್ತು ಇಟ್ಟುಕೊಂಡು ಕುಳಿತಿದ್ದ ತಮ್ಮದೇ ಮುಖದ ಕೆಳಗೆ ನಿಂತು. ಕೂಸಿಗೆ ಬೇಜಾರಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. "ಅಡಗಿಯವರ ಬಾಜೂಕ ಕುಂತ್ರ ಎಲ್ಲಾ ಬಿಸೀದ ಸಿಗತೈತಿ ಅಕ್ಕಾ," ಎಂದಿತು.

ಆ ಯಜಮಾನರನ್ನು ಆಡಿಕೊಳ್ಳಲು ನನಗೂ ಮುಖವಿಲ್ಲ. ಗಂಡ ಸತ್ತ ಮೇಲೆ ನಾನು ಮಗಳೊಂದಿಗೆ ತವರಿಗೆ ಬಂದವಳು. ಅವಳನ್ನು ನೋಡಲು ರಾಯಬಾಗದ ಕಡೆಯವರು ಬರುವ ದಿನ ಕೂಸು ಬೆಳಿಗ್ಗೆಯೇ ನನ್ನ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ರಂಗೋಲಿ ಹಾಕುತ್ತಿತ್ತು. ನಾನು ಹೋಗಿ, "ಇವತ್ತೊಂದಿನ ಪ್ಯಾಂಟ್ ಹಾಕ್ಕೊಳೊ," ಎಂದೆ. ಅದು ತಲೆಯೆತ್ತಿ ನನ್ನನ್ನು ನೋಡಿತು. "ಮನಿಯವ್ರ ಹೇಳಿದ ಮ್ಯಾಲ ಆತಲ್ಲ," ಎಂದು, ಗಿರಾಕಿಗಳಿಗೆ ಹೇಳುವ ದನಿಯಲ್ಲಿ ಹೇಳಿ ಒಳಗೆ ಹೋಯಿತು. ರಂಗೋಲಿಯನ್ನು ನಾನೇ ಮುಗಿಸಿದೆ. ಸಂಬಂಧ ಕೂಡಿತು. ಮದುವೆಯ ಆಲ್ಬಮ್ಮಿನಲ್ಲಿ ಕೂಸು ಕೋಟು ತೊಟ್ಟು ನಿಂತಿದೆ. ನೋಡಿದವರೆಲ್ಲ ಒಪ್ಪುತ್ತದೆ ಎನ್ನುತ್ತಾರೆ.

ಹೋದ ವರ್ಷ ಅದಕ್ಕೆ ಹುಷಾರು ತಪ್ಪಿತು. ಡಾಕ್ಟರರು ಮನೆಗೆ ಕರೆದೊಯ್ಯಿರಿ ಎಂದ ಮೇಲೆ ಕೂಸು ಕನ್ನಡಿ ಮುಂದಿಟ್ಟುಕೊಂಡು ತನ್ನ ಚಿತ್ರ ಶುರುಮಾಡಿತು. ಮುಖ ಚೆನ್ನಾಗಿ ಬಂತು. ಕಿವಿಯ ತೂತು, ತುಟಿಯ ಮೇಲಿನ ತೆಳು ನೆರಳು, ಎಡಗಣ್ಣಿನ ಸಣ್ಣ ಓರೆ, ಯಾವುದನ್ನೂ ಬಿಟ್ಟಿರಲಿಲ್ಲ. ಕುತ್ತಿಗೆಯ ಕೆಳಗೆ ನಾಲ್ಕು ಪೆನ್ಸಿಲ್ ಗೆರೆ ಎಳೆದು ನಿಲ್ಲಿಸಿತು.

"ಬಟ್ಟಿ?" ಎಂದೆ.

"ಅದನ್ನ ಮನಿಯವ್ರ ಹೇಳಬೇಕು."

ನಾನು ಚೇಷ್ಟೆ ಎಂದುಕೊಂಡು ನಕ್ಕೆ. ಎಂಟು ದಿನಕ್ಕೆ ಅದು ಹೋಯಿತು. ಅಪ್ಪ, ಅವ್ವ ಮೊದಲೇ ಹೋಗಿದ್ದರು. ಮನೆಯವರು ಎಂದರೆ ಉಳಿದವಳು ನಾನು.

ನಾನು ಮತ್ತು ಏಕಸಂಬಿಯ ಕಾಕಾ ಎನ್ನಬೇಕು. ಅಪ್ಪನ ತಮ್ಮ. ಕೂಸು ಇದ್ದಷ್ಟು ದಿನ ನಮ್ಮ ಮನೆಯಲ್ಲಿ ನೀರು ಕುಡಿಯದಿದ್ದವರು ಅದು ಸತ್ತ ದಿನದಿಂದ ಹಿರಿಯರಾಗಿ ಬಂದು ಕುಳಿತರು. ಹನ್ನೊಂದನೆಯ ದಿನಕ್ಕೆ ಗೋಡೆಯ ಮೇಲೆ ಚಿತ್ರ ಬರಬೇಕಲ್ಲ. "ಹುಟ್ಟಿದ್ದ ಗಂಡು, ಸತ್ತದ್ದೂ ಗಂಡು. ನಡುವ ಏನೇನ ಆತೋ ಅದನ್ನ ಬಿಡು. ಒಂದ ಕೋಟ, ಒಂದ ಪಟಗ ಹಾಕಿಸಿಬಿಡೂಣ," ಎಂದು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಹೋದೆ.

ಊರಲ್ಲಿ ಇನ್ನೊಬ್ಬ ಚಿತ್ರಗಾರ ಇರಲಿಲ್ಲ. ಹೋದದ್ದು ಫ್ಲೆಕ್ಸ್ ಅಂಗಡಿಗೆ. ಅಂಗಡಿಯವ ಚಿತ್ರದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಅವನ ಬಳಿ ಕೋಟುಗಳೆಲ್ಲ ಸಿದ್ಧವಾಗಿದ್ದವು, ಒಳಗೆ ತಲೆ ಇಟ್ಟರೆ ಸಾಕು.

"ಈ ಕರೀ ಕೋಟ ಛಲೋ ಹೋಗತೈತ್ರೀ ಅಜ್ಜಾರ. ಇದ ವಾರದಾಗ ಮೂರ ಮಂದಿ ಇದರಾಗ ಹೋಗ್ಯಾರ."

ಕೋಟು ಕೂತಿತು. ಪಟಗವೂ ಕೂತಿತು. ಕಾಕಾ ತಲೆಯಾಡಿಸಿದರು. ಅಂಗಡಿಯವ ಮತ್ತೇನನ್ನೋ ಒತ್ತಲು ಹೋಗಿ ತಪ್ಪಿ ಇನ್ನೊಂದನ್ನು ಒತ್ತಿದ. ಕೋಟು ಹೋಗಿ ಅದೇ ಕುತ್ತಿಗೆಯ ಕೆಳಗೆ ಇಳಕಲ್ ಸೀರೆ ಬಂತು. ಮುಖ ಮೊದಲಿದ್ದ ಹಾಗೆಯೇ ನಮ್ಮನ್ನು ನೋಡುತ್ತಿತ್ತು.

"ಆಯ್, ಎರಡೂ ಕುಂದರತಾವಲ್ರಿ!" ಅಂಗಡಿಯವನಿಗೆ ತನ್ನ ಕಂಪ್ಯೂಟರಿನ ಬಗ್ಗೆಯೇ ಹೆಮ್ಮೆ. "ಅಕ್ಕಾರ, ಯಾವದ ಇಡ್ಲಿ?"

ಕಾಕಾ ಕೋಟು ಎಂದರು. ನಾನು, "ಯಾವದೂ ಬ್ಯಾಡ. ನಾ ಒಮ್ಮೆ ಹೇಳಿದ್ದ ಸಾಕಾಗೇತಿ," ಎಂದೆ. ಆ ರಂಗೋಲಿಯ ಬೆಳಿಗ್ಗೆ ಯಾರಿಗೆ ಏನು ಹೇಳಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಾಯಿ ಮಾಡದವಳು ಬಾಯಿ ಮಾಡಿದೆನೆಂದೋ ಏನೋ, ಅವರು ಚಿತ್ರವನ್ನು ನನ್ನ ಕೈಗೆ ಕೊಟ್ಟರು.

ಹನ್ನೊಂದನೆಯ ದಿನ ಅದು ಹಾಗೆಯೇ ಗೋಡೆ ಏರಿತು. ಮೇಲೆ ಮುಖ, ಕೆಳಗೆ ಬಿಳಿ ಕ್ಯಾನ್ವಾಸ್. ಕಾಕಾ ಎರಡು ಸಲ ನೋಡಿ, ಮೂರನೆಯ ಸಲ ನೋಡಲಾರದೆ, "ಮಂದಿ ಬರೂ ಹೊತ್ತಿನ್ಯಾಗ ಬರಿಮೈಲೆ ನಿಂದರಿಸಿದಂಗ ಆಗೇತಲ್ಲ ಬೇ," ಎಂದು ಬಜಾರಿಗೆ ಓಡಿದರು. ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ ತಂದು, ಎರಡು ಸುತ್ತು ಮಾಡಿ, ಕುತ್ತಿಗೆಯಿಂದ ಚೌಕಟ್ಟಿನ ತಳದವರೆಗೆ ಒಂದು ಬೆರಳೂ ಬಿಳಿ ಕಾಣದಂತೆ ಮುಚ್ಚಿದರು. ಬಂದವರು ಕೈಮುಗಿದರು. ಕೆಲವರು ಹಾರ ಭಾಳ ಛಲೋ ಆಗೇತಿ ಎಂದರು.

ಆದರೆ ಚೆಂಡುಹೂವು ಒಣಗುತ್ತದೆ. ಒಣಗಿದರೆ ಕುಗ್ಗುತ್ತದೆ. ನಾಲ್ಕು ದಿನಕ್ಕೆ ಎರಡೂ ಬದಿಯಿಂದ ಬಿಳಿ ಇಣುಕಿತು. ಹಾಗಾಗಿ ಕಾಕಾ ವಾರಕ್ಕೊಮ್ಮೆ ಬಸ್ಸು ಹತ್ತಿ ಹೊಸ ಹಾರ ತರುತ್ತಾರೆ. ಮೊದಲು ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದರು. ನಾನು ದಪ್ಪ ಸಾಲದ ಹಾಗೆ ಹಾಕುತ್ತೇನೆಂದು ಅನುಮಾನ ಬಂದ ಮೇಲೆ ಒಳಗೆ ಬಂದು ತಾವೇ ಹಾಕುತ್ತಾರೆ. ಈಗ ಚಹಾನೂ ಕುಡಿಯುತ್ತಾರೆ, ಸಕ್ಕರೆ ಕಡಿಮೆ ಎಂದು ದೂರುತ್ತಾರೆ. ನಾವು ಕೂಸಿನ ಮಾತು ಆಡುವುದಿಲ್ಲ, ಹೂವಿನ ಮಾತು ಆಡುತ್ತೇವೆ.

ಹೋದ ವಾರ ಕುರ್ಚಿಯ ಮೇಲೆ ನಿಂತು ಒಣಗಿದ ಹಾರ ತೆಗೆದವರು ಹೊಸದನ್ನು ಹಾಕದೆ ಹಾಗೇ ನಿಂತರು. ಆ ಬಿಳಿ ಜಾಗವನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಒಂದ ಮಾತ ಕೇಳ್ತೀನಿ," ಎಂದರು, ನನ್ನ ಕಡೆ ತಿರುಗದೆ. "ಅದಕ್ಕ ಯಾವ ಬಟ್ಟಿ ಸೇರತಿತ್ತು?"

ಅದರ ಜೊತೆ ಇಷ್ಟು ವರ್ಷ ಉಂಡ ನಾನು ಇದನ್ನು ಅದಕ್ಕೆ ಒಮ್ಮೆಯೂ ಕೇಳಿರಲಿಲ್ಲ.

"ದಿನಾ ಬ್ಯಾರೆ ಇರತಿತ್ತು, ಕಾಕಾ."

"ಹೂಂ," ಎಂದು ಹೊಸ ಹಾರ ಹಾಕಿದರು. ಒಂದು ಬದಿ ಓರೆಯಾಗಿ ಒಂದಿಷ್ಟು ಬಿಳಿ ಹೊರಗೇ ಉಳಿಯಿತು. ಅವರು ಅದನ್ನು ನೋಡಿದರು, ಸರಿಮಾಡಲಿಲ್ಲ.

"ಕುರ್ಚಿ ಹಿಡಿ. ಇಳೀತೀನಿ."